ಬ್ಲೋ ಟಾರ್ಚಿನ ಮೂತಿಯಲ್ಲಿ ಸುಳಿ ಯಾಕೆ?



ನಮ್ಮ ಹೆಗ್ಗನಹಳ್ಳಿ ಹೆಸರಿಗೆ ಹಳ್ಳಿ. ಆದರೆ ಪಕ್ಕದಲ್ಲೇ ಪೀಣ್ಯ ಇದೆ. 1970ರ ದಶಕದಲ್ಲಿ ಅಲ್ಲಿ ಕೈಗಾರಿಕಾ ಪ್ರದೇಶ ಶುರುವಾದ ಮೇಲೆ ಹೊಲ ಇದ್ದ ಕಡೆ ಶೆಡ್ಡು ಬಂದವು, ಶೆಡ್ಡಿನ ಹಿಂದೆ ಮನೆ ಬಂದವು. ಈಗ ನಮ್ಮ ಬೀದಿಗಳಲ್ಲಿ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ, ಫ್ರಿಜ್ ರಿಪೇರಿ ಅಂಗಡಿ ಎಲ್ಲ ಇವೆ. ನಮ್ಮ ಶಾಲೆಯ ಎಷ್ಟೋ ಜನರ ಅಪ್ಪ, ಚಿಕ್ಕಪ್ಪ, ಮಾವ ಇಂಥ ಕಡೆಯೇ ಕೆಲಸ ಮಾಡೋದು. ಅವರ ಕೈಯಲ್ಲಿ 'ಬುಸ್' ಎಂದು ಸದ್ದು ಮಾಡುವ ನೀಲಿ ಬೆಂಕಿಯ ಕೊಳವೆಯನ್ನು ನೀವು ನೋಡಿರಬಹುದು. ಅದೇ ಬ್ಲೋ ಟಾರ್ಚ್. ತಾಮ್ರದ ಪೈಪುಗಳನ್ನು ಬೆಸೆಯೋಕೆ, ಬೇರಿಂಗ್ ಬಿಗಿಯಾಗಿ ಕೂತಿದ್ದರೆ ಕಾಯಿಸಿ ಬಿಡಿಸೋಕೆ ಅದು ಬೇಕು.

ಈ ಟಾರ್ಚಿನಲ್ಲಿ ಒಂದು ವಿಚಿತ್ರ ಇದೆ. ಬೆಂಕಿ ಸಾಲದು ಅಂತ ವಾಲ್ವ್ ಜಾಸ್ತಿ ತಿರುಗಿಸಿದರೆ ಬೆಂಕಿ ಜಾಸ್ತಿ ಆಗಬೇಕು ತಾನೆ? ಸಾದಾ ಕೊಳವೆಯ ಟಾರ್ಚಿನಲ್ಲಿ ಹಾಗೆ ಆಗೋದಿಲ್ಲ. ಜ್ವಾಲೆ ಮೊದಲು ಉದ್ದವಾಗತ್ತೆ, ಆಮೇಲೆ ಮೂತಿಯನ್ನು ಬಿಟ್ಟು ಒಂದೆರಡು ಬೆರಳು ಮುಂದಕ್ಕೆ ಹೋಗಿ ಗಾಳಿಯಲ್ಲಿ ತೇಲತ್ತೆ, ಕೊನೆಗೆ 'ಪಟ್' ಎಂದು ಆರಿ ಹೋಗತ್ತೆ. ಫ್ಯಾನ್ ಗಾಳಿ ಬಿದ್ದರಂತೂ ಇನ್ನೂ ಬೇಗ. ಬೆಂಕಿ ಆರಿದರೂ ಗ್ಯಾಸ್ ನಿಲ್ಲೋದಿಲ್ಲ, ಬರುತ್ತಲೇ ಇರತ್ತೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ಮೇಲೆ ಹಾರಿ ಹೋಗದೆ ನೆಲದ ಮೇಲೆ ನೀರಿನ ಹಾಗೆ ಹರಡಿ ಮೂಲೆಯಲ್ಲಿ ಕೂರತ್ತೆ. ಮಳೆ ಬಂತು ಅಂತ ಶಟರ್ ಅರ್ಧ ಎಳೆದುಕೊಂಡು ಕೆಲಸ ಮಾಡೋ ಅಂಗಡಿಯಲ್ಲಿ ಇದು ಎಂಥ ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಜ್ವಾಲೆಯನ್ನು ಮೂತಿಯಲ್ಲೇ ಕಟ್ಟಿ ಹಾಕೋದು ಹೇಗೆ ಅನ್ನೋದು ಬರೀ ಗ್ಯಾಸ್ ಉಳಿಸುವ ಮಾತಲ್ಲ.

ಉಪಾಯ ಒಂದಿದೆ. ಗ್ಯಾಸನ್ನು ನೇರವಾಗಿ ಬಿಡಬಾರದು, ತಿರುಗಿಸಿ ಬಿಡಬೇಕು. ನದಿಯಲ್ಲಿ ಸುಳಿ ಇರುತ್ತಲ್ಲ, ಹಾಗೆ. ಅಂಗಡಿಯವರು ಇದನ್ನು 'ಸ್ವರ್ಲ್' ಅಂತಾರೆ, ನಾನು ಸುಳಿ ಎಂದೇ ಬರೆಯುತ್ತೇನೆ. ಅದಕ್ಕೆ ಮುಂಚೆ ಬೆಂಕಿಯ ನಡಿಗೆ ಎಷ್ಟು ಎಂದು ತಿಳಿಯಬೇಕು.

ಬೆಂಕಿಗೂ ಒಂದು ವೇಗ ಇದೆ! ಗಾಳಿ ಮತ್ತು ಗ್ಯಾಸ್ ಸರಿಯಾಗಿ ಬೆರೆತು ನಿಂತಿರುವಾಗ ಒಂದು ತುದಿಗೆ ಕಡ್ಡಿ ಗೀರಿದರೆ ಬೆಂಕಿ ಇನ್ನೊಂದು ತುದಿಗೆ ನಡೆದು ಹೋಗತ್ತೆ. ಎಲ್‌ಪಿಜಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 40 ಸೆಂ.ಮೀ. ಮಾತ್ರ. ನಾವು ಪ್ರಾರ್ಥನೆ ಮುಗಿಸಿ ಸಾಲಾಗಿ ತರಗತಿಗೆ ಹೋಗುವ ನಡಿಗೆಗಿಂತಲೂ ನಿಧಾನ. ಮೂತಿಯಲ್ಲಿ ಜ್ವಾಲೆ ನಿಂತ ಹಾಗೆ ಕಂಡರೂ ಅದು ನಿಂತಿಲ್ಲ. ಒಳಗಿನಿಂದ ಗ್ಯಾಸ್ ಹೊರಕ್ಕೆ ಓಡಿ ಬರ್ತಾ ಇದೆ, ಬೆಂಕಿ ಅದಕ್ಕೆ ಎದುರಾಗಿ ಒಳಕ್ಕೆ ನಡೀತಾ ಇದೆ. ಎರಡೂ ಸರಿಸಮ ಆದ ಜಾಗದಲ್ಲಿ ಜ್ವಾಲೆ ನಿಲ್ಲತ್ತೆ. ಗ್ಯಾಸಿನ ಓಟ ಜಾಸ್ತಿ ಆದರೆ ಜ್ವಾಲೆ ಹೊರಕ್ಕೆ ತಳ್ಳಿಸಿಕೊಳ್ಳತ್ತೆ. ಕಡಿಮೆ ಆದರೆ ಕೊಳವೆಯೊಳಕ್ಕೇ ನುಗ್ಗತ್ತೆ. ಟಾರ್ಚ್ ಆರಿಸುವಾಗ ವಾಲ್ವನ್ನು ತೀರಾ ನಿಧಾನವಾಗಿ ತಿರುಗಿಸಿದರೆ 'ಟಪ್' ಎಂದು ಕೇಳುವುದು ಇದೇ.

ಈಗ ಗ್ಯಾಸಿನ ಓಟ ಎಷ್ಟು ನೋಡೋಣ. ಲೆಕ್ಕ ಇಷ್ಟವಿಲ್ಲದವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು. ಆದರೆ ಗಣಿತದ ಮೇಷ್ಟ್ರು ಓದ್ತಾರೆ ಅಂತ ಬರೆದಿದ್ದೇನೆ.

ಟಾರ್ಚಿನ ಹಿಡಿಯ ಒಳಗೆ ಜೆಟ್ ಎಂಬ ಸಣ್ಣ ತೂತು ಇರತ್ತೆ. ಅದರ ಅಗಲ 0.3 ಮಿ.ಮೀ., ರೆಗ್ಯುಲೇಟರಿನ ಒತ್ತಡ 1 ಬಾರ್ ಎಂದು ಇಟ್ಟುಕೊಳ್ಳಿ. ಆ ತೂತಿನಿಂದ ಗ್ಯಾಸ್ ಹೊರಡುವ ವೇಗ ಸೆಕೆಂಡಿಗೆ ಸುಮಾರು 250 ಮೀಟರ್, ಅಂದರೆ ಆ ಗ್ಯಾಸಿನಲ್ಲಿ ಶಬ್ದ ಎಷ್ಟು ಬೇಗ ಹೋಗುತ್ತದೋ ಅಷ್ಟು. ಗಂಟೆಗೆ ಸುಮಾರು 120 ಗ್ರಾಂ ಗ್ಯಾಸ್ ಖರ್ಚಾಗತ್ತೆ. ಇಷ್ಟು ವೇಗವಾಗಿ ನುಗ್ಗುವಾಗ ಅದು ಪಕ್ಕದ ತೂತುಗಳಿಂದ ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಹೋಗತ್ತೆ. ಬಸ್ಸು ಜೋರಾಗಿ ಹೋದಾಗ ರಸ್ತೆಯ ಕಾಗದ ಹಿಂದೆ ಹಾರಿ ಬರುತ್ತಲ್ಲ, ಹಾಗೆ. ಒಂದು ಲೋಟ ಪ್ರೊಪೇನ್ ಪೂರ್ತಿ ಉರಿಯಲು 24 ಲೋಟ ಗಾಳಿ ಬೇಕು. ಬ್ಯೂಟೇನಿಗೆ 31 ಲೋಟ. ನಮ್ಮ ಸಿಲಿಂಡರಿನಲ್ಲಿ ಇರುವುದು ಇವೆರಡರ ಮಿಶ್ರಣ. ಗಾಳಿ ಸೇರಿದ ಮೇಲೆ ಸೆಕೆಂಡಿಗೆ ಹೆಚ್ಚು ಕಡಿಮೆ ಅರ್ಧ ಲೀಟರ್ ಮಿಶ್ರಣ ಆಯಿತು. ಇದು 12 ಮಿ.ಮೀ. ಕೊಳವೆಯಲ್ಲಿ, ನಡುವೆ 6 ಮಿ.ಮೀ. ಕಡ್ಡಿ ಇರುವ ಮೂತಿಯಿಂದ ಬರಬೇಕು. ಭಾಗಿಸಿ ನೋಡಿದರೆ ಸೆಕೆಂಡಿಗೆ ಐದರಿಂದ ಆರು ಮೀಟರ್ ವೇಗ.

ಬೆಂಕಿಯ ನಡಿಗೆ 40 ಸೆಂ.ಮೀ., ಗ್ಯಾಸಿನ ಓಟ ಐದು ಮೀಟರಿಗೂ ಮೇಲೆ. ಹನ್ನೆರಡು, ಹದಿಮೂರು ಪಟ್ಟು ವ್ಯತ್ಯಾಸ! ಆಮೆ ಮೊಲದ ಓಟದ ಹಾಗೆ ಆಯ್ತು, ಇಲ್ಲಿ ಮೊಲ ಮಲಗೋದೂ ಇಲ್ಲ. ಗ್ಯಾಸ್ ಹರಿಯುವಾಗ ಕದಡಿಕೊಳ್ಳುವುದರಿಂದ ಬೆಂಕಿಯ ನಡಿಗೆ ಸ್ವಲ್ಪ ಚುರುಕಾಗತ್ತೆ ನಿಜ, ಆದರೂ ಸಾಲದು. ನೇರ ಕೊಳವೆಯಾದರೆ ಜ್ವಾಲೆ ಹಾರಿ ಹೋಗುವುದು ಸಹಜವೇ.

ಇಲ್ಲಿ ಸ್ವಲ್ಪ ಹಿಂದಿನ ಕಥೆ. ನಮ್ಮ ಅಜ್ಜಿಯರು ಒಲೆಗೆ ಊದುಗೊಳವೆ ಹಿಡಿಯುತ್ತಿದ್ದರು, ಅಕ್ಕಸಾಲಿಗಳು ಬಾಯಲ್ಲಿ ಸಣ್ಣ ಊದುಗೊಳವೆ ಇಟ್ಟುಕೊಂಡು ದೀಪದ ಜ್ವಾಲೆಯನ್ನು ಬಂಗಾರದ ಮೇಲೆ ಬಾಗಿಸುತ್ತಿದ್ದರು, ಕಮ್ಮಾರರ ಕುಲುಮೆಗೆ ತಿದಿ ಇತ್ತು. ಎಲ್ಲದರ ಗುಟ್ಟು ಒಂದೇ, ಗಾಳಿ ಬೆರೆಸುವುದು. 1855ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬನ್ಸನ್ ಬರ್ನರ್ ಬಂತು. ಉರಿಯುವ ಮೊದಲೇ ಗ್ಯಾಸಿಗೆ ಗಾಳಿ ಬೆರೆಸಿದ್ದು ಅದರ ಹೆಚ್ಚುಗಾರಿಕೆ. ಅದನ್ನು ಕೈಯಾರೆ ಮಾಡಿದವರು ಪೀಟರ್ ದೆಸಾಗಾ ಎಂಬ ಮೆಕ್ಯಾನಿಕ್. ಆದರೆ ಪುಸ್ತಕದಲ್ಲಿ ಪ್ರೊಫೆಸರ್ ಹೆಸರು ಮಾತ್ರ ಉಳೀತು, ಮೆಕ್ಯಾನಿಕ್ ಹೆಸರು ಯಾರಿಗೂ ಗೊತ್ತಿಲ್ಲ. ನನಗೆ ಇದು ಸರಿ ಕಾಣೋದಿಲ್ಲ. 1882ರಲ್ಲಿ ಸ್ವೀಡನ್ನಿನ ನೈಬರ್ಗ್ ಬ್ಲೋ ಲ್ಯಾಂಪ್ ಮಾಡಿ ಮಾರಲು ಶುರು ಮಾಡಿದರು. 1892ರಲ್ಲಿ ಅದೇ ದೇಶದ ಲಿಂಡ್‌ಕ್ವಿಸ್ಟ್ ಪ್ರೈಮಸ್ ಸ್ಟೋವ್ ತಂದರು. ನಮ್ಮ ಮನೆಗಳಲ್ಲಿ ಪಿನ್ ಹಾಕಿ, ಪಂಪ್ ಹೊಡೆದು ಹಚ್ಚುತ್ತಿದ್ದ ಸೀಮೆಎಣ್ಣೆ ಸ್ಟೋವ್ ಅದರ ವಂಶದ್ದೇ.

ಈಗ ಸುಳಿಗೆ ಬರೋಣ. ಇದನ್ನು ಬೆಂಕಿ ಇಲ್ಲದೆ ನೋಡುವ ಪ್ರಯೋಗ ಒಂದಿದೆ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ ಬೋರಲು ಹಿಡಿಯಿರಿ. ನೀರು ಒಂದೇ ಸಮ ಬೀಳೋದಿಲ್ಲ, 'ಗೊಳ ಗೊಳ' ಎಂದು ನಿಂತು ನಿಂತು ಬೀಳತ್ತೆ. ನೀರು ಹೊರಗೆ ಬರಬೇಕು, ಗಾಳಿ ಒಳಗೆ ಹೋಗಬೇಕು, ಇರುವುದು ಒಂದೇ ಬಾಯಿ, ಇಬ್ಬರಿಗೂ ಜಗಳ. ಮತ್ತೆ ತುಂಬಿ ಬೋರಲು ಹಿಡಿದು, ಈ ಸಲ ಬಾಟಲಿಯನ್ನು ನಾಲ್ಕೈದು ಸುತ್ತು ಗಿರ್ರನೆ ತಿರುಗಿಸಿ. ಒಳಗೆ ಸುಳಿ ಏಳತ್ತೆ. ನೀರು ಬಾಯಿಯ ಅಂಚಿನ ಸುತ್ತ ಹೊರಗೆ ಬರತ್ತೆ, ನಟ್ಟ ನಡುವೆ ಒಂದು ದಾರಿ ತೆರೆದು ಗಾಳಿ ಅದರಲ್ಲಿ ಮೇಲೇರತ್ತೆ. ಬಾಟಲಿ ಬೇಗ ಖಾಲಿ. ಗಡಿಯಾರ ಇಟ್ಟುಕೊಂಡು ಎರಡೂ ಸಲದ ಸೆಕೆಂಡ್ ಎಣಿಸಿ.

ಇದರಲ್ಲಿ ಗಮನಿಸಬೇಕಾದದ್ದು: ಸುಳಿ ಇದ್ದಾಗ ಅಂಚಿನಲ್ಲಿ ಹೊರಕ್ಕೆ, ನಡುವಿನಲ್ಲಿ ಹಿಂದಕ್ಕೆ, ಎರಡೂ ಒಟ್ಟಿಗೇ ಆಗಬಹುದು. ಟಾರ್ಚಿನ ಮೂತಿಯಲ್ಲೂ ಹೀಗೆಯೇ. ಆದರೆ ಅಲ್ಲಿ ನಡುವೆ ಹಿಂದಕ್ಕೆ ಬರುವುದು ಬರೀ ಗಾಳಿಯಲ್ಲ, ಆಗಲೇ ಉರಿದು ಕೆಂಡದ ಹಾಗೆ ಕಾದ ಅನಿಲ.

ಯಾಕೆ ಹಿಂದಕ್ಕೆ ಬರತ್ತೆ? ಗಿರಗಿರನೆ ತಿರುಗುವ ವಸ್ತು ಹೊರಕ್ಕೆ ಒತ್ತುತ್ತದೆ ಎಂದು ನಮಗೆ ಗೊತ್ತು, ಜಾತ್ರೆಯ ತಿರುಗುವ ಕುರ್ಚಿಗಳನ್ನು ನೋಡಿದ್ದೇವೆ. ಹಾಗೆಯೇ ತಿರುಗುವ ಗ್ಯಾಸ್ ಕೊಳವೆಯ ಗೋಡೆಯ ಕಡೆಗೆ ಒತ್ತುತ್ತದೆ, ನಡುವಿನಲ್ಲಿ ಒತ್ತಡ ಕಡಿಮೆಯಾಗತ್ತೆ. ಮೂತಿಯಿಂದ ಹೊರಗೆ ಬಂದ ಕೂಡಲೇ ಗ್ಯಾಸ್ ಛತ್ರಿಯ ಹಾಗೆ ಅಗಲವಾಗತ್ತೆ. ಅಗಲವಾದಂತೆ ತಿರುಗುವುದು ನಿಧಾನ, ನಿಧಾನವಾದಂತೆ ನಡುವಿನ ಒತ್ತಡ ಮತ್ತೆ ಸರಿಹೋಗತ್ತೆ. ಅಂದರೆ ಮೂತಿಯ ಹತ್ತಿರ ನಡುವೆ ಒತ್ತಡ ಕಡಿಮೆ, ಸ್ವಲ್ಪ ದೂರದಲ್ಲಿ ಜಾಸ್ತಿ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅನಿಲ ಹರಿಯಲೇಬೇಕು. ಹಾಗಾಗಿ ನಡುವಿನ ಬಿಸಿ ಅನಿಲ ವಾಪಸ್ಸು ಮೂತಿಯ ಕಡೆಗೆ ಬರತ್ತೆ.

ಬಂದು ಏನು ಮಾಡತ್ತೆ? ಹೊಸದಾಗಿ ಹೊರಬರುವ ಗ್ಯಾಸಿಗೆ ಬೆಂಕಿ ಕೊಡತ್ತೆ. ಹಿಂದೆ ಹಳ್ಳಿಗಳಲ್ಲಿ ಬೆಳಿಗ್ಗೆ ಒಲೆ ಹಚ್ಚೋಕೆ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದರಂತೆ. ಸುಳಿಯ ನಡುವೆಯೂ ಒಬ್ಬರು ಸದಾ ಕೆಂಡ ತಂದು ಕೊಡುತ್ತಲೇ ಇರುತ್ತಾರೆ ಎಂದುಕೊಳ್ಳಿ. ಹೊರಗಡೆ ಗ್ಯಾಸ್ ಎಷ್ಟೇ ಜೋರಾಗಿ ಓಡಲಿ, ಹೋಗುವ ವೇಗದಿಂದ ಬರುವ ವೇಗಕ್ಕೆ ಬದಲಾಗುವ ಮಧ್ಯದ ಜಾಗದಲ್ಲಿ ಒಂದು ಕಡೆ ವೇಗ ಸೊನ್ನೆ ಇರಲೇಬೇಕು. ಅದರ ಹತ್ತಿರ ಬೆಂಕಿಗೆ ಕಾಲೂರಲು ನೆಲೆ ಸಿಕ್ಕಿತು. ಜೊತೆಗೆ ಮಜ್ಜಿಗೆ ಕಡೆದ ಹಾಗೆ ಗಾಳಿ ಗ್ಯಾಸ್ ಚೆನ್ನಾಗಿ ಬೆರೆಯುತ್ತವೆ. ಹಳದಿ ಬಾಲ ಹೋಗಿ ನೀಲಿಯಾಗತ್ತೆ, ಉದ್ದ ಕಡಿಮೆಯಾಗತ್ತೆ, ಕಾವು ಒಂದೇ ಕಡೆ ಗಟ್ಟಿಯಾಗತ್ತೆ. ಹಳದಿ ಜ್ವಾಲೆ ಎಂದರೆ ಮಸಿ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರತ್ತೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ಮೂತಿಯನ್ನು ಮಾಡೋದು ಹೇಗೆ? ಇದು ನನಗೆ ತುಂಬಾ ಇಷ್ಟವಾದ ಭಾಗ. 12 ಮಿ.ಮೀ. ಕೊಳವೆಯ ಬಾಯಿಯ ಹತ್ತಿರ ಕೂರುವಂತೆ ಒಂದು ಹಿತ್ತಾಳೆ ಬಿಲ್ಲೆ ಬೇಕು. ಬಿಲ್ಲೆಯ ನಡುವೆ 6 ಮಿ.ಮೀ. ಗಟ್ಟಿ ಭಾಗ ಬಿಟ್ಟು ಅಂಚಿಗೆ ಆರು ಓರೆ ಸ್ಲಾಟ್ ಹೊಡೆಯುತ್ತಾರೆ. ಗ್ಯಾಸ್ ಈ ಓರೆ ಸ್ಲಾಟುಗಳಲ್ಲಿ ಹೋಗುವಾಗ ಬೇಡವೆಂದರೂ ತಿರುಗಲೇಬೇಕು. ಎಷ್ಟು ಓರೆ ಅನ್ನೋದೇ ಪ್ರಶ್ನೆ. ಇದನ್ನು ಅಳೆಯೋಕೆ ವಿಜ್ಞಾನಿಗಳು 'ಸುಳಿ ಸಂಖ್ಯೆ' ಇಟ್ಟುಕೊಂಡಿದ್ದಾರೆ. ತಿರುಗುವ ಜೋರು ಎಷ್ಟು, ಮುಂದಕ್ಕೆ ಹೋಗುವ ಜೋರು ಎಷ್ಟು, ಅವೆರಡರ ಅನುಪಾತ ಅದು. ಈ ಸಂಖ್ಯೆ ಸುಮಾರು 0.6 ದಾಟಿದರೆ ನಡುವೆ ವಾಪಸ್ಸು ಹರಿವು ಹುಟ್ಟತ್ತೆ, ಅದಕ್ಕಿಂತ ಕಡಿಮೆ ಇದ್ದರೆ ಗ್ಯಾಸ್ ಸ್ವಲ್ಪ ತಿರುಗುತ್ತಾ ಮುಂದಕ್ಕೆ ಹೋಗಿಬಿಡತ್ತೆ ಅಷ್ಟೆ.

ನಮ್ಮ ಬಿಲ್ಲೆಗೆ ಸೂತ್ರ ಹಾಕಿದರೆ, ಓರೆಯ ಕೋನದ ಟ್ಯಾನ್ ಬೆಲೆಯನ್ನು 0.78ರಿಂದ ಗುಣಿಸಬೇಕು. (ಕಡ್ಡಿಯ ಅಗಲ ಕೊಳವೆಯ ಅರ್ಧ ಇದ್ದಾಗ ಮಾತ್ರ 0.78.) 30 ಡಿಗ್ರಿಗೆ 0.45 ಬಂತು, ಸಾಲದು. 40 ಡಿಗ್ರಿಗೆ 0.65, ಗಡಿ ದಾಟಿತು. 45 ಡಿಗ್ರಿಗೆ 0.78, ನೆಮ್ಮದಿ. ಹತ್ತನೇ ತರಗತಿಯವರಿಗೆ ತ್ರಿಕೋನಮಿತಿ ಯಾಕೆ ಕಲೀಬೇಕು ಅಂತ ಬೇಜಾರು ಇದ್ದರೆ ಇಲ್ಲಿದೆ ನೋಡಿ, ಟ್ಯಾನ್ 30ಕ್ಕೂ ಟ್ಯಾನ್ 45ಕ್ಕೂ ಇರುವ ವ್ಯತ್ಯಾಸ ಅಂದರೆ ಆರುವ ಬೆಂಕಿಗೂ ಆರದ ಬೆಂಕಿಗೂ ಇರುವ ವ್ಯತ್ಯಾಸ.

ಬಿಲ್ಲೆ ಸರಿಯಾಗಿದೆಯೇ ಎಂದು ನೋಡುವ ಸುಲಭ ಪರೀಕ್ಷೆಯೂ ಇದೆ. ಅದನ್ನು ಬೆಳಕಿಗೆ ಹಿಡಿದು ಒಂದು ಕಡೆಯಿಂದ ನೇರವಾಗಿ ನೋಡಬೇಕು. ಸ್ಲಾಟಿನ ಮೂಲಕ ಆಚೆ ಬದಿ ಕಂಡರೆ ಬಿಲ್ಲೆ ತೆಳ್ಳಗಾಯಿತು ಅಥವಾ ಸ್ಲಾಟ್ ಅಗಲವಾಯಿತು ಎಂದರ್ಥ. ಗ್ಯಾಸಿನಲ್ಲಿ ಒಂದಷ್ಟು ಪಾಲು ತಿರುಗದೆ ನೇರವಾಗಿ ತಪ್ಪಿಸಿಕೊಂಡು ಹೋಗತ್ತೆ.

ಹಾಗಾದರೆ 60, 70 ಡಿಗ್ರಿ ಇಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಇಲ್ಲ. ಓರೆ ಹೆಚ್ಚಾದಷ್ಟು ದಾರಿ ಕಿರಿದಾಗತ್ತೆ. ಜೆಟ್ಟಿನ ಗ್ಯಾಸ್ ತನ್ನ ಓಟದ ಬಲದಿಂದಲೇ ಗಾಳಿ ಎಳೆಯಬೇಕು, ಮುಂದೆ ಅಡ್ಡ ಇದ್ದರೆ ಎಳೆಯೋಕೆ ಆಗೋದಿಲ್ಲ. ಗಾಳಿ ಕಡಿಮೆ ಆಯ್ತು ಅಂದರೆ ಮತ್ತೆ ಹಳದಿ ಬೆಂಕಿ. ಜೊತೆಗೆ ಬಿಸಿ ಅನಿಲ ಜಾಸ್ತಿ ಹಿಂದಕ್ಕೆ ಬಂದು ಬಿಲ್ಲೆಯನ್ನೇ ಕಾಯಿಸತ್ತೆ. ಬಿಲ್ಲೆಯನ್ನು ತೀರಾ ಒಳಗೆ ಕೂರಿಸಿದರೂ ಕಷ್ಟ, ಸುಳಿಯ ನಡುವಿನ ದಾರಿಯಲ್ಲಿ ಬೆಂಕಿ ಕೊಳವೆಯೊಳಕ್ಕೆ ಇಳಿಯಬಹುದು. ಅದಕ್ಕೇ ಬಿಲ್ಲೆ ಬಾಯಿಯ ಹತ್ತಿರವೇ ಇರಬೇಕು. ಸುಳಿ ಎಡಕ್ಕೆ ತಿರುಗಿದರೂ ಒಂದೇ, ಬಲಕ್ಕೆ ತಿರುಗಿದರೂ ಒಂದೇ.

ನಮ್ಮ ಮಾವ ಫ್ರಿಜ್, ಎಸಿ ರಿಪೇರಿ ಕೆಲಸದವರು. ಅವರನ್ನು ಕೇಳಿದೆ, "ಮಾವ, ಎಲ್ಲಾ ಟಾರ್ಚಿಗೂ ಸುಳಿ ಮೂತಿನೇ ಹಾಕಬಹುದಲ್ವಾ?" ಅವರು ನಕ್ಕು, "ಕೆಲಸ ನೋಡಿ ಮೂತಿ ಕಣಪ್ಪ. ಪೈಪಿಗೆ ಸುಳಿ ಬೇಕು, ಸರದ ಕೊಂಡಿಗೆ ಸುಳಿ ಹಿಡಿದ್ರೆ ಸರಾನೇ ಇರಲ್ಲ" ಅಂದರು. ಸರಿಯಾದ ಮಾತು. ತಾಮ್ರದ ಪೈಪ್ ಬೆಸೆಯುವಾಗ ಸುತ್ತಲೂ ಒಂದೇ ಸಮ ಕಾಯಬೇಕು. ಅದಕ್ಕೆ ಬಳಸುವ ತಾಮ್ರ-ರಂಜಕದ ಕಡ್ಡಿ 710 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗಲು ಶುರು, ತಾಮ್ರ ಕರಗುವುದು 1085ಕ್ಕೆ. ಈ ಎರಡರ ನಡುವೆ ಕೆಲಸ ಮುಗಿಸಬೇಕು. ಅಗಲವಾದ, ತಿರುಗುವ ಜ್ವಾಲೆ ಪೈಪನ್ನು ತಬ್ಬಿಕೊಂಡ ಹಾಗೆ ಸುತ್ತಿ ಹಿಂಬದಿಯನ್ನೂ ಕಾಯಿಸತ್ತೆ. ಅಕ್ಕಸಾಲಿಗೆ ಬೇಕಾದದ್ದು ಸೂಜಿಯಂಥ ಜ್ವಾಲೆ.

ಸುಳಿ ಇಲ್ಲದೆಯೂ ಜ್ವಾಲೆ ನಿಲ್ಲಿಸುವವರಿದ್ದಾರೆ. ಮೂತಿಯ ಅಂಚಿನ ಸುತ್ತ ಸಣ್ಣ ತೂತುಗಳನ್ನು ಇಟ್ಟು ಅಲ್ಲಿ ನಿಧಾನವಾಗಿ ಉರಿಯುವ ಮರಿ ಜ್ವಾಲೆಗಳನ್ನು ಇಡುತ್ತಾರೆ, ಅವು ದೊಡ್ಡ ಜ್ವಾಲೆಗೆ ಕಾವಲು. ಮಾಡೋಕೆ ಸುಲಭ. ಆದರೆ ಬೆರೆಸುವ ಕೆಲಸದಲ್ಲಿ ಸುಳಿಯೇ ಮೇಲು ಎಂದು ನನ್ನ ಅಭಿಪ್ರಾಯ.

ಈ ಸುಳಿ ದೊಡ್ಡ ದೊಡ್ಡ ಕಡೆಯೂ ಇದೆ. ವಿಮಾನದ ಜೆಟ್ ಎಂಜಿನ್ನಿನ ಒಳಗೆ ಗಾಳಿ ಬಿರುಗಾಳಿಗಿಂತ ಜೋರು, ಅದರಲ್ಲಿ ಬೆಂಕಿ ಒಂದು ಕ್ಷಣವೂ ಆರಬಾರದು. ಅಲ್ಲೂ ಎಣ್ಣೆ ಸಿಂಪಡಿಸುವ ಮೂತಿಯ ಸುತ್ತ ಓರೆ ರೆಕ್ಕೆಗಳೇ ಇರೋದು. ನಮ್ಮ ಬೆಂಗಳೂರಿನಲ್ಲೇ, ಸಿ.ವಿ. ರಾಮನ್ ನಗರದಲ್ಲಿ, ಜಿಟಿಆರ್‌ಇ ಎಂಬ ಸಂಸ್ಥೆ ಇಂಥ ಎಂಜಿನ್ನುಗಳ ಸಂಶೋಧನೆ ಮಾಡತ್ತೆ. ಇನ್ನೂ ಹತ್ತಿರಕ್ಕೆ ಬಂದರೆ, ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಪ್ರೊ. ಎಚ್.ಎಸ್. ಮುಕುಂದ ಮತ್ತು ಅವರ ಜೊತೆಯವರು ರಾಕೆಟ್ಟಿನ ಬೆಂಕಿಯನ್ನೂ ಓದಿದರು, ಸೌದೆ ಒಲೆಯ ಬೆಂಕಿಯನ್ನೂ ಓದಿದರು. ಅವರ ಕೆಲಸದಿಂದ 2006ರಲ್ಲಿ 'ಊರ್ಜಾ' ಎಂಬ ಒಲೆ ಬಂತು. ಬೆಳೆಯ ಕಸದಿಂದ ಮಾಡಿದ ಗುಳಿಗೆಗಳನ್ನು ತುಂಬಿ ಮೇಲಿನಿಂದ ಹಚ್ಚುವುದು, ಪುಟ್ಟ ಫ್ಯಾನ್ ಕೆಳಗಿನಿಂದ ಸ್ವಲ್ಪ ಗಾಳಿ ಕೊಟ್ಟು ಅದನ್ನು ಗ್ಯಾಸ್ ಮಾಡುವುದು, ಮೇಲಿನ ತೂತುಗಳಿಂದ ಇನ್ನಷ್ಟು ಗಾಳಿ ಬಂದು ಆ ಗ್ಯಾಸನ್ನು ಉರಿಸುವುದು. ಲಕ್ಷಗಟ್ಟಲೆ ಒಲೆ ಮಾರಾಟವಾದವು. ಗುಳಿಗೆಯ ಬೆಲೆ ಏರಿದ ಮೇಲೆ ಬಹಳ ಜನ ಬಿಟ್ಟರು, ಅದು ಬೇರೆ ವಿಷಯ. ಗಾಳಿಯನ್ನು ಎಲ್ಲಿ, ಯಾವಾಗ, ಹೇಗೆ ಬೆರೆಸಬೇಕು ಅನ್ನುವ ಪ್ರಶ್ನೆ ಮಾತ್ರ ರಾಕೆಟ್ಟಿಗೂ ಒಲೆಗೂ ಟಾರ್ಚಿಗೂ ಒಂದೇ.

ಇದನ್ನು ಓದಿ ಯಾರೂ ಮನೆಯಲ್ಲಿ ಮೂತಿ ಮಾಡಿ ಸಿಲಿಂಡರಿಗೆ ಹಾಕಲು ಹೋಗಬೇಡಿ. ಮನೆ ಸಿಲಿಂಡರಿನ ರೆಗ್ಯುಲೇಟರ್ ಕೊಡುವ ಒತ್ತಡ ಒಂದು ಬಾರಿನ ನೂರರಲ್ಲಿ ಮೂರು ಪಾಲು ಮಾತ್ರ, ಟಾರ್ಚಿಗೆ ಬೇರೆ ರೆಗ್ಯುಲೇಟರ್, ಬೇರೆ ಹೋಸ್ ಪೈಪ್ ಇರತ್ತೆ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತು ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಬಾಗಿಲು ಕಿಟಕಿ ತೆಗೆದು ದೊಡ್ಡವರನ್ನು ಕೂಗಿ. ಅಂಗಡಿಯಲ್ಲಿ ಕೆಲಸ ಮಾಡುವ ನಿಮ್ಮ ಅಪ್ಪನಿಗೋ ಮಾವನಿಗೋ ಒಂದು ಮಾತು ಹೇಳಿ, ಮಳೆ ಬಂದರೂ ಶಟರ್ ಪೂರ್ತಿ ತೆಗೆದಿರಲಿ.

ಮಾಡಬಹುದಾದ ಕೆಲಸ ಒಂದಿದೆ. ಮನೆಯ ಗ್ಯಾಸ್ ಒಲೆ ಆರಿಸಿ ಪೂರ್ತಿ ತಣ್ಣಗಾದ ಮೇಲೆ, ಅಮ್ಮನನ್ನು ಕೇಳಿ, ಬರ್ನರಿನ ಹಿತ್ತಾಳೆ ಟೋಪಿ ತೆಗೆದು ತೂತುಗಳನ್ನು ನೋಡಿ. ಕೆಲವು ಟೋಪಿಗಳಲ್ಲಿ ತೂತು ನೇರ ಇರತ್ತೆ, ಕೆಲವದರಲ್ಲಿ ಒಂದು ಬದಿಗೆ ಓರೆ ಇರತ್ತೆ. ಓರೆ ಇದ್ದರೆ ಎಡಕ್ಕೋ ಬಲಕ್ಕೋ ನೋಡಿಕೊಂಡು ಬಂದು ಈ ಹಾಳೆಯ ಕೆಳಗೆ ಬಿಟ್ಟಿರುವ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ. ನೇರ, ಎಡ, ಬಲ ಎಂದು ಮೂರು ಕಲಂ ಮಾಡಿದ್ದೇನೆ. ಶನಿವಾರ ಎಣಿಸೋಣ.